ಎಂಆರ್‌ಐ ವರದಿಯ ‘ಹೈಪರ್‌ಇಂಟೆನ್ಸ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಾಯಿ, ಬೆಕ್ಕು ಸಾಕಿದವರಿಗಾಗಿ ಎಂಆರ್‌ಐ ಬಗ್ಗೆ ನಾಲ್ಕು ಪುಟದ ಮಾಹಿತಿ ಬರೆಯುತ್ತಿದ್ದೇನೆ. ‘ಎಂಆರ್‌ಐ’ ಎಲ್ಲರಿಗೂ ಗೊತ್ತು, ಅದನ್ನು ಹಾಗೇ ಇಟ್ಟಿದ್ದೇನೆ. ಪ್ರಾಣಿ ಅಲುಗಾಡದೆ ಮಲಗಿರಬೇಕಲ್ವಾ, ಅದಕ್ಕಾಗಿ ಪ್ರಜ್ಞೆ ತಪ್ಪಿಸುವುದಕ್ಕೆ ‘ಅರಿವಳಿಕೆ’ ಎಂಬ ಪದ ಇದೆ. ತೊಡಕಾಗಿರುವುದು ‘ಹೈಪರ್‌ಇಂಟೆನ್ಸ್’ (ಚಿತ್ರದಲ್ಲಿ ಸುತ್ತಲಿಗಿಂತ ಬೆಳ್ಳಗೆ ಕಾಣುವುದು), ‘ಹೈಪೋಇಂಟೆನ್ಸ್’ (ಸುತ್ತಲಿಗಿಂತ ಕಪ್ಪಗೆ ಕಾಣುವುದು) ಎಂಬ ಜೋಡಿಯಿಂದ.

ಗೆಳೆಯರೊಬ್ಬರು ‘ಅತಿಸಾಂದ್ರ’ ಎಂದು ಸೂಚಿಸಿದರು. ನನಗೆ ಅದು ಒಪ್ಪಿಗೆಯಿಲ್ಲ. ಸಾಂದ್ರತೆಯ ಲೆಕ್ಕ ಎಕ್ಸ್‌-ರೇ, ಸಿಟಿ ಸ್ಕ್ಯಾನಿನದು. ಅಲ್ಲಿ ಗಟ್ಟಿ ಮೂಳೆ ಬೆಳ್ಳಗೆ ಕಾಣುತ್ತದೆ. ಎಂಆರ್‌ಐ ಚಿತ್ರ ಮೂಡುವುದು ಮೈಯೊಳಗಿನ ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್ ಕೊಡುವ ಸಿಗ್ನಲ್‌ನಿಂದ. ಮೂಳೆಯ ಗಟ್ಟಿ ಹೊರಪದರದಿಂದ ಸಿಗ್ನಲ್ ಬರುವುದೇ ಕಡಿಮೆ, ಅದು ಕಪ್ಪಗೆ ಕಾಣುತ್ತದೆ. ‘ಸಾಂದ್ರ’ ಎಂದರೆ ಓದುವವರು ಪೂರ್ತಿ ಉಲ್ಟಾ ತಿಳಿಯುತ್ತಾರೆ.

‘ಬಿಳಿ ಮಚ್ಚೆ’ಯೂ ಬೇಡ. ಓದಿದ ಕೂಡಲೇ ರೋಗ ಅಂತ ಹೆದರುತ್ತಾರೆ. ಬಿಳಿ ಯಾವಾಗಲೂ ಕೆಟ್ಟದ್ದಲ್ಲ. ಉದಾಹರಣೆಗೆ, ಡ್ಯಾಶ್‌ಹೌಂಡ್ ನಾಯಿಗಳಲ್ಲಿ ಬೆನ್ನಿನ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ತೊಂದರೆ ಜಾಸ್ತಿ, ಹಿಂದಿನ ಕಾಲುಗಳ ಸ್ವಾಧೀನ ತಪ್ಪುವುದೂ ಉಂಟು. ಟಿ2 ಎಂಬ ಬಗೆಯ ಚಿತ್ರದಲ್ಲಿ ನೀರು ಬೆಳ್ಳಗೆ ಕಾಣುತ್ತದೆ. ಚೆನ್ನಾಗಿರುವ ಡಿಸ್ಕಿನ ನಡುಭಾಗದಲ್ಲಿ ನೀರಿನ ಅಂಶ ಜಾಸ್ತಿ, ಹಾಗಾಗಿ ಅದು ಬಿಳಿ. ಒಣಗಿದರೆ ಕಪ್ಪಾಗುತ್ತದೆ. ಅದೇ ಡಿಸ್ಕ್ ಹೊರಗೆ ಬಂದು ಬೆನ್ನುಹುರಿಯನ್ನು ಒತ್ತಿ, ಹುರಿ ಊದಿಕೊಂಡರೆ ಅಲ್ಲಿ ಬಿಳಿ ಮೂಡುತ್ತದೆ. ಡಿಸ್ಕಿನ ಬಿಳಿ ಒಳ್ಳೆಯದು, ಹುರಿಯ ಬಿಳಿ ಒಳ್ಳೆಯದಲ್ಲ. ಹಾಗಾಗಿ ನಮ್ಮ ಪದ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಹೇಳದೆ ಸುಮ್ನೆ ಇರಬೇಕು. ಟಿ1 ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಇದೇ ನೀರು ಕಪ್ಪು, ಕೊಬ್ಬು ಬಿಳಿ. ಯಾವ ಬಗೆಯ ಚಿತ್ರ ಅಂತ ಜೊತೆಗೆ ಹೇಳಲೇಬೇಕು.

ಸದ್ಯಕ್ಕೆ ‘ಸುತ್ತಲಿಗಿಂತ ಬೆಳ್ಳಗೆ ಕಾಣುವ’, ‘ಸುತ್ತಲಿಗಿಂತ ಕಪ್ಪಗೆ ಕಾಣುವ’ ಎಂದು ಬರೆದಿದ್ದೇನೆ. ‘ಸುತ್ತಲಿಗಿಂತ’ ಬಿಡುವ ಹಾಗಿಲ್ಲ, ಹೋಲಿಸಿಯೇ ಹೇಳುವ ಮಾತು ಅದು. ಆದರೆ ‘ಹೈಪರ್‌ಇಂಟೆನ್ಸಿಟಿ’ ಅಂತ ನಾಮಪದ ಬಂದಾಗ ವಾಕ್ಯ ಎಳೆದಂತಾಗುತ್ತದೆ. ‘ಹೊಳಪು’ ಚಿಕ್ಕದು, ಚೆಂದದ್ದು. ಆದರೆ ನಾಯಿ ಸಾಕಿದವರಿಗೆ ಹೊಳಪು ಅಂದರೆ ಕೂದಲಿನ ಹೊಳಪು, ಆರೋಗ್ಯದ ಗುರುತು.

ದಾವಣಗೆರೆ, ಹರಿಹರ, ಚಿತ್ರದುರ್ಗದ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ರೋಗಿಯ ಮನೆಯವರಿಗೆ ಫಿಲ್ಮ್ ತೋರಿಸುವಾಗ ಈ ಬಿಳಿ ಜಾಗಕ್ಕೆ ನೀವು ಬಾಯಿಮಾತಿನಲ್ಲಿ ಏನನ್ನುತ್ತೀರಿ?