ಮೂಡಿಗೆರೆಗೆ 2012ರ ಝಡ್4 ತರಬಹುದಾ? ಗೊತ್ತಿರುವವರು ಹೇಳಿ

ಮೂಡಿಗೆರೆ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಎರಡು ವರ್ಷ ರೇಟು ಚೆನ್ನಾಗಿ ಬಂತು. ಸೊಸೈಟಿ ಸಾಲ ತೀರಿಸಿದ ಮೇಲೂ ಕೈಯಲ್ಲಿ ಸ್ವಲ್ಪ ಉಳಿದಿದೆ. ಕಾಲೇಜಿನ ದಿನಗಳಿಂದ ನನಗೊಂದು ಆಸೆ. ಟಾಪ್ ಬಿಚ್ಚುವ ಕಾರು, ಅದೂ ಸುಮ್ನೆ ನೋಡಲು ಚೆಂದದ್ದಲ್ಲ, ನಿಜವಾಗಿ ಓಡುವಂಥದ್ದು ಬೇಕು.

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಡೀಲರ್ ಒಬ್ಬರ ಹತ್ತಿರ 2012ರ ಬಿಎಂಡಬ್ಲ್ಯು ಝಡ್4 35ಐ ಇದೆ. 3 ಲೀಟರ್, ಆರು ಸಿಲಿಂಡರ್, ಎರಡು ಟರ್ಬೊ, 306 ಎಚ್‌ಪಿ. ಮುಂಬೈ ನಂಬರ್, ಮೂರನೇ ಓನರ್, ಮೀಟರ್‌ನಲ್ಲಿ 38,000 ಕಿ.ಮೀ. 29 ಲಕ್ಷ ಕೇಳುತ್ತಿದ್ದಾರೆ. ಮನೆಯಲ್ಲಿ ಜೀಪು, ಬೊಲೆರೊ ಇವೆ, ಹಾಗಾಗಿ ತೋಟದ ಕೆಲಸಕ್ಕೆ ಇದನ್ನು ಮುಟ್ಟುವುದಿಲ್ಲ. ತಗೊಳ್ಳಲಾ, ಬಿಡಲಾ?

ಬೇಲೂರು ಮೇಷ್ಟ್ರು:
ಬಿಡಿ. ದುಡ್ಡು ನಿಮ್ಮದು, ಆದರೂ ಕೇಳಿದ್ದಕ್ಕೆ ಹೇಳುತ್ತಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆಯಲ್ಲಿ ಟಾಪ್ ಬಿಚ್ಚುವುದಿರಲಿ, ಶೆಡ್ಡಿನಿಂದ ಕಾರು ತೆಗೆಯುವುದೂ ಕಷ್ಟ. ಅಕ್ಟೋಬರ್‌ನಲ್ಲೂ ಮಳೆ ಬಿಡುವುದಿಲ್ಲ. ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಫೆಬ್ರವರಿ ಮುಗಿಯುವವರೆಗೆ ನೀವು ಕಣದಲ್ಲೇ ಇರುತ್ತೀರಿ, ಅಲ್ವಾ? ಹಾಗಾದರೆ ಈ ಕಾರನ್ನು ಓಡಿಸುವುದು ಯಾವಾಗ?

ಇನ್ನು ರಸ್ತೆ. ಚಿಕ್ಕಮಗಳೂರಿನಿಂದ ಬೇಲೂರಿಗೆ ಬರುವ 25 ಕಿ.ಮೀ.ಯಲ್ಲಿ ಊರೂರಿಗೆ ಹಂಪ್. ಝಡ್4 ನೆಲಕ್ಕೆ ಅಂಟಿಕೊಂಡ ಹಾಗಿರುವ ಕಾರು. ಸಂಜೆ ಮೇಲೆ ನಮ್ಮ ಬೇಲೂರು, ಆಲೂರು, ಸಕಲೇಶಪುರದ ಕಡೆ ಆನೆ ರಸ್ತೆ ದಾಟುತ್ತವೆ. ಟಾಪ್ ಇಲ್ಲದ ಕಾರಿನಲ್ಲಿ ತಿರುವಿನಲ್ಲಿ ಎದುರಾದರೆ ಏನು ಮಾಡುತ್ತೀರಿ? ಇದನ್ನು ಹೆದರಿಸಲು ಹೇಳುತ್ತಿಲ್ಲ. ನಮ್ಮ ಕಡೆ ಜನ ಸತ್ತಿದ್ದಾರೆ.

ಆಲ್ದೂರು 18:
ಮೇಷ್ಟ್ರೇ, ಆನೆಯ ಮಾತು ಪೂರ್ತಿ ಒಪ್ಪುತ್ತೇನೆ. ಕತ್ತಲಾದ ಮೇಲೆ ನಾನೂ ಟಾಪ್ ಬಿಚ್ಚುವುದಿಲ್ಲ. ಆದರೆ ದಿನದ ಲೆಕ್ಕ ತಪ್ಪಿದೆ. ನನ್ನ ಹತ್ತಿರ 2013ರ ಪೋರ್ಷ ಬಾಕ್ಸ್‌ಸ್ಟರ್ ಇದೆ, ತಂದು ನಾಲ್ಕು ವರ್ಷವಾಯಿತು. ಕುಯ್ಲಿನ ಸಮಯದಲ್ಲೂ ಭಾನುವಾರ ಬೆಳಿಗ್ಗೆ ಆರರಿಂದ ಒಂಬತ್ತು ಗಂಟೆ ನನ್ನದು. ವರ್ಷಕ್ಕೆ 5,000 ಕಿ.ಮೀ. ಆರಾಮಾಗಿ ಆಗುತ್ತದೆ.

ಇನ್ನೊಂದು ಮಾತು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ಎರಡು ಮೂರು ದಿನ ಆಲ್ದೂರಿನಿಂದ ಬಾಳೆಹೊನ್ನೂರಿನ ಕಡೆ ಟಾಪ್ ಬಿಚ್ಚಿ ಹೋಗಿ ನೋಡಿ. ನಾನು ಹುಟ್ಟಿದ್ದೇ ಆ ವಾಸನೆಯಲ್ಲಿ. ಆದರೂ ಮೊದಲ ಸಲ ಹಾಗೆ ಹೋದಾಗ ಗಾಡಿ ಪಕ್ಕಕ್ಕೆ ಹಾಕಿ ಐದು ನಿಮಿಷ ಸುಮ್ನೆ ಕೂತಿದ್ದೆ. ಜೀಪಿನಲ್ಲಿ ಡೀಸೆಲ್ ವಾಸನೆ, ಮುಚ್ಚಿದ ಕಾರಿನಲ್ಲಿ ಎಸಿ. ಅಲ್ಲಿ ಇದು ಸಿಗುವುದಿಲ್ಲ.

ಹಾಸನ ಗ್ಯಾರೇಜ್:
ನಾನು ಜರ್ಮನ್ ಗಾಡಿಗಳ ಕೆಲಸವನ್ನೇ ಮಾಡುವವನು, ಹಾಗಾಗಿ ಕಾರಿನ ವಿಷಯ ಮಾತ್ರ ಹೇಳುತ್ತೇನೆ.

ತೋಟದ ಸಾರ್, ನೀವು ಹೇಳಿದ ಕಾರಿನ ಎಂಜಿನ್ ಎನ್54. ಒಳ್ಳೆಯ ಎಂಜಿನ್, ಎಳೆತ ಅದ್ಭುತ. ಆದರೆ ಅದಕ್ಕೆ ಅದರದೇ ಕಾಯಿಲೆಗಳಿವೆ. ಮೊದಲನೆಯದು ಹೈ ಪ್ರೆಶರ್ ಫ್ಯೂಯೆಲ್ ಪಂಪ್. 2010ರಲ್ಲಿ ಅಮೆರಿಕದಲ್ಲಿ ಕಂಪನಿಯೇ ಈ ಪಂಪಿಗಾಗಿ ರೀಕಾಲ್ ಮಾಡಿತ್ತು. ಪಂಪ್ ಸೋತರೆ ಬೆಳಿಗ್ಗೆ ಸ್ಟಾರ್ಟ್ ಆಗಲು ಜಾಸ್ತಿ ಹೊತ್ತು ಕ್ರ್ಯಾಂಕ್ ಮಾಡಬೇಕಾಗುತ್ತದೆ, ಏರಿನಲ್ಲಿ ಒಮ್ಮೆಗೇ ಪವರ್ ಬಿಡುತ್ತದೆ. ಎರಡನೆಯದು ವಾಟರ್ ಪಂಪ್. ಇದು ಬೆಲ್ಟಿನಿಂದ ತಿರುಗುವುದಲ್ಲ, ಕರೆಂಟಿನಿಂದ ತಿರುಗುವುದು. ಮುನ್ಸೂಚನೆ ಕೊಡದೆ ನಿಂತುಬಿಡಬಹುದು. ಚಾರ್ಮಾಡಿ ಘಾಟಿ ಹತ್ತುವಾಗ ನಿಂತರೆ ಅಲ್ಲಿಂದ ಟೋ ಮಾಡಿಸಿಕೊಂಡೇ ಬರಬೇಕು. ಅದನ್ನು ಯಾವಾಗ ಬದಲಿಸಿದ್ದಾರೆ ಅಂತ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಥರ್ಮೋಸ್ಟಾಟ್ ಜೊತೆಗೇ ಹಾಕಿಸಿಕೊಳ್ಳಿ. ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್, ವಾಲ್ವ್ ಕವರ್ ಗ್ಯಾಸ್ಕೆಟ್ ಈ ವಯಸ್ಸಿಗೆ ಸೋರುತ್ತವೆ. ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುವ ಎಂಜಿನ್ ಆದ್ದರಿಂದ ಇನ್‌ಟೇಕ್ ವಾಲ್ವ್ ಮೇಲೆ ಕಾರ್ಬನ್ ಕಟ್ಟುತ್ತದೆ, ಅದನ್ನು ಬಿಚ್ಚಿ ತೆಗೆಯಬೇಕು.

ಈಗ ಬಂಕ್‌ಗಳಲ್ಲಿ ಸಿಗುವುದು ಇ20 ಪೆಟ್ರೋಲ್, ಅಂದರೆ 20% ಎಥನಾಲ್ ಬೆರೆಸಿದ್ದು. 2012ರ ಕಾರು ಆ ಲೆಕ್ಕದಲ್ಲಿ ಮಾಡಿದ್ದಲ್ಲ. ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಹಾಕಿ ಶೆಡ್ಡಿನಲ್ಲಿ ನಿಲ್ಲಿಸುವುದು ನನಗೆ ಇಷ್ಟವಿಲ್ಲ.

ಮೂಡಿಗೆರೆ ತೋಟ:
ಗ್ಯಾರೇಜ್ ಅಣ್ಣಾ, ಇಷ್ಟು ವಿವರವಾಗಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಝಡ್4 ಟಾಪ್ ಮೆಟಲ್. ನಮ್ಮ ಮಳೆಗೆ ಬಟ್ಟೆಯ ಟಾಪ್‌ಗಿಂತ ಅದೇ ವಾಸಿ ಅಂದುಕೊಂಡಿದ್ದೆ. ಸರಿನಾ?

ಆಲ್ದೂರು 18:
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಾಲ್ಕು ಮಳೆಗಾಲ ಬಟ್ಟೆಯ ಟಾಪ್‌ನಲ್ಲೇ ಕಳೆದಿದ್ದೇನೆ, ಒಳಗೆ ಒಂದು ಹನಿ ಬಿದ್ದಿಲ್ಲ. ತೊಂದರೆ ಕೊಡುವುದು ಬಟ್ಟೆಯಲ್ಲ, ನೀರು ಹೋಗುವ ದಾರಿ. ಬಾಕ್ಸ್‌ಸ್ಟರ್‌ನಲ್ಲಿ ಟಾಪ್ ಮಡಚುವ ಜಾಗದ ಎರಡು ಕಡೆ ಡ್ರೈನ್ ತೂತುಗಳಿವೆ. ನಮ್ಮ ತೋಟಗಳಲ್ಲಿ ಸಿಲ್ವರ್ ಓಕ್ ಇಲ್ಲದ ಜಾಗ ಎಲ್ಲಿದೆ? ಆ ಒಣ ಎಲೆ ಚೂರುಚೂರಾಗಿ ಹೋಗಿ ತೂತು ಕಟ್ಟಿಕೊಳ್ಳುತ್ತದೆ. ಆಮೇಲೆ ನೀರು ಸೀಟಿನ ಕೆಳಗೆ ಇಳಿಯುತ್ತದೆ. ಹಳೆಯ ಬಾಕ್ಸ್‌ಸ್ಟರ್‌ಗಳಲ್ಲಿ ಅಲಾರಂ ಯೂನಿಟ್ ಇರುವುದೇ ಸೀಟಿನ ಕೆಳಗೆ. ಅದಕ್ಕೆ ನೀರು ಹೋದರೆ ಕಾರು ಸ್ಟಾರ್ಟೇ ಆಗದಿರಬಹುದು. ನಾನು ಮೇ ಕೊನೆಯಲ್ಲಿ ಒಂದು ಸಲ, ಮಳೆ ಬಿಟ್ಟ ಮೇಲೆ ಒಂದು ಸಲ ಡ್ರೈನ್ ಕ್ಲೀನ್ ಮಾಡುತ್ತೇನೆ. ಅರ್ಧ ಗಂಟೆಯ ಕೆಲಸ.

ಮತ್ತೆ, ನನ್ನ ಕಾರಿನ ಟಾಪ್ ಸುಮಾರು 9 ಸೆಕೆಂಡಿನಲ್ಲಿ ಮುಚ್ಚುತ್ತದೆ, 50 ಕಿ.ಮೀ. ವೇಗದವರೆಗೆ ಓಡುತ್ತಲೇ ಮುಚ್ಚಬಹುದು. ಆ ಝಡ್4 ಟಾಪ್‌ಗೆ 20 ಸೆಕೆಂಡ್ ಬೇಕು. ಕೊಟ್ಟಿಗೆಹಾರದಲ್ಲಿ ಮಳೆ ಹೇಗೆ ಬರುತ್ತದೆ ಅಂತ ನಿಮಗೇ ಗೊತ್ತು. 20 ಸೆಕೆಂಡ್ ಅಲ್ಲಿ ಬಹಳ ಜಾಸ್ತಿ.

ಹಾಸನ ಗ್ಯಾರೇಜ್:
ಇಲ್ಲಿ ನಾನು ಒಪ್ಪುವುದಿಲ್ಲ. ನಿಮ್ಮ ಶೆಡ್ಡು ಚೆನ್ನಾಗಿರಬೇಕು, ಅದಕ್ಕೇ ಬಟ್ಟೆ ಉಳಿದಿದೆ. ಗಾಳಿಯಾಡದ ಶೆಡ್ಡಿನಲ್ಲಿ ನಿಲ್ಲಿಸಿದ ಬಟ್ಟೆ ಟಾಪ್ ಪೂರ್ತಿ ಹಸಿರು ಬೂಷ್ಟು ಹಿಡಿದದ್ದನ್ನು ನಾನೇ ತೊಳೆದಿದ್ದೇನೆ. ಹೊಲಿಗೆಯವರೆಗೂ ಹೋಗಿತ್ತು. ಮೆಟಲ್ ಟಾಪ್‌ಗೆ ಆ ಕಷ್ಟವಿಲ್ಲ. ಅದರ ಕಷ್ಟ ಬೇರೆ: ಹೈಡ್ರಾಲಿಕ್ ಪಂಪ್, ಸೆನ್ಸರ್‌ಗಳು, ಡಿಕ್ಕಿಯ ಹಿಂಜ್ ಹತ್ತಿರ ಬಗ್ಗಿ ಬಗ್ಗಿ ತುಂಡಾಗುವ ವೈರ್‌ಗಳು. ಕಾರು ನೋಡಲು ಹೋದಾಗ ಟಾಪ್ ಒಂದು ಸಲ ಅಲ್ಲ, ನಾಲ್ಕು ಸಲ ತೆಗೆದು ಮುಚ್ಚಿಸಿ. ಡಿಕ್ಕಿಯ ಕಾರ್ಪೆಟ್ ಎತ್ತಿ ಕೈ ಇಟ್ಟು ನೋಡಿ, ತೇವ ಇದೆಯಾ ಅಂತ.

ಬಾಕ್ಸ್‌ಸ್ಟರ್ ಬಗ್ಗೆಯೂ ಒಂದು ಮಾತು. ಅಗ್ಗಕ್ಕೆ ಸಿಗುತ್ತದೆ ಅಂತ 2008 ಅಥವಾ ಅದಕ್ಕೂ ಹಳೆಯದರ ಕಡೆ ಹೋಗಬೇಡಿ. ಆ ಎಂಜಿನ್ ಒಳಗಿನ ಒಂದು ಶಾಫ್ಟಿಗೆ ಐಎಂಎಸ್ ಬೇರಿಂಗ್ ಅಂತ ಒಂದಿದೆ. ಅದು ಒಡೆದರೆ ಎಂಜಿನ್ನೇ ಹೋಗುತ್ತದೆ. 2009ರ ನಂತರದ ಹೊಸ ಎಂಜಿನ್‌ನಲ್ಲಿ ಆ ಬೇರಿಂಗ್ ಇಲ್ಲ.

ಏಲಕ್ಕಿ ತೋಟ, ಸಕಲೇಶಪುರ:
ಎಲ್ಲರೂ ಎಂಜಿನ್ ಮಾತಾಡುತ್ತಿದ್ದೀರಿ, ಕಾಗದದ ಮಾತು ಯಾರೂ ಎತ್ತಲಿಲ್ಲ. ಎರಡು ವರ್ಷದ ಹಿಂದೆ ನಾವು ಪುಣೆಯಿಂದ ಒಂದು ಕಾರು ತಂದೆವು. ಕಾರನ್ನು ಬೇರೆ ರಾಜ್ಯಕ್ಕೆ ವರ್ಗ ಮಾಡಲು ಅಲ್ಲಿಯ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ ಬೇಕು. ಮಾರಿದವರು "ಎನ್‌ಒಸಿ ನಾವೇ ಕೊಡಿಸುತ್ತೇವೆ" ಅಂದರು. ದುಡ್ಡು ಕೊಟ್ಟ ಮೇಲೆ ಏಳು ತಿಂಗಳು ಅಲೆದಾಡಿದೆವು. ಹಳೆಯ ಸಾಲದ ಎಂಟ್ರಿ ಆರ್‌ಸಿಯಲ್ಲಿ ಹಾಗೇ ಇತ್ತು. ಬ್ಯಾಂಕಿನ ಪತ್ರದ ಜೊತೆ ಫಾರಂ 35 ಕೊಡದೆ ಅದು ಹೋಗುವುದಿಲ್ಲ. ಅದು ಹೋಗದೆ ಎನ್‌ಒಸಿಯ ಫಾರಂ 28 ಮುಂದೆ ಹೋಗಲಿಲ್ಲ. ದಯವಿಟ್ಟು ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ಬೇರೆ ರಾಜ್ಯದ ನಂಬರ್‌ನಲ್ಲಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಓಡಿಸುವ ಹಾಗಿಲ್ಲ. ನಮ್ಮ ಚಿಕ್ಕಮಗಳೂರಿನ ಕೆಎ 18 ನಂಬರ್ ಆಗಬೇಕಾದರೆ ಇಲ್ಲಿಯ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷಕ್ಕಿಂತ ಮೇಲಿನ ಕಾರಿಗೆ ನಮ್ಮಲ್ಲಿ 18% ಇದೆ, ಮೇಲೆ ಸೆಸ್. ಕಾರಿಗೆ ವಯಸ್ಸಾದಷ್ಟು ಕಟ್ಟುವ ಪಾಲು ಕಡಿಮೆಯಾಗುತ್ತದೆ, ನಿಜ. ಆದರೆ ಆ ಪಾಲನ್ನು ಹಿಡಿಯುವುದು ನೀವು ಕೊಡುವ 29 ಲಕ್ಷದ ಮೇಲೆ ಅಲ್ಲ, ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಮೊದಲು ಆರ್‌ಟಿಒದಲ್ಲಿ ಆ ಮೊತ್ತ ಬರೆಸಿಕೊಂಡು ಬನ್ನಿ.

2012ರ ಕಾರು ಅಂದರೆ 2027ಕ್ಕೆ ಆರ್‌ಸಿಯ 15 ವರ್ಷ ಮುಗಿಯುತ್ತದೆ. ಆಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. ಮಾಮೂಲಿ ಕಾರಿಗೆ ಆ ಫೀಸು 5,000 ಇತ್ತು. ಇಂಪೋರ್ಟೆಡ್ ಕಾರು ಅಂತ ಆರ್‌ಸಿಯಲ್ಲಿ ಇದ್ದರೆ 40,000.

ಕೊನೆಗೆ ಒಂದು. ಮುಂಬೈ ಕಾರು ಅಂದರೆ ನೀರಿನಲ್ಲಿ ಮುಳುಗಿತ್ತಾ ಅಂತ ನೋಡಲೇಬೇಕು. ಸೀಟ್ ಬೆಲ್ಟ್ ಪೂರ್ತಿ ಕೊನೆಯವರೆಗೆ ಎಳೆಯಿರಿ. ಮೇಲಿನ ಭಾಗ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ.

ಬೇಲೂರು ಮೇಷ್ಟ್ರು:
ಏಲಕ್ಕಿ ಮೇಡಂ ಹೇಳಿದ್ದನ್ನು ಕೂಡಿಸಿ ನೋಡಿ. 29 ಲಕ್ಷ, ಟ್ಯಾಕ್ಸ್, ಗ್ಯಾರೇಜ್‌ನವರು ಹೇಳಿದ ಪಂಪ್‌ಗಳು, ನಾಲ್ಕು ಟೈರು. ಸರ್ವಿಸ್‌ಗೆ ಬೆಂಗಳೂರಿಗೆ ಹೋಗಬೇಕಾದರೆ ಒಂದು ಕಡೆಗೇ 250 ಕಿ.ಮೀ. ಹತ್ತಿರ. ಕಾಫಿ ರೇಟು ಹೀಗೇ ಇರುತ್ತದೆ ಅಂತ ಯಾರಿಗೆ ಗೊತ್ತು? 2000ದ ನಂತರ ರೇಟು ಬಿದ್ದಾಗ ತೋಟ ಮಾರಿದವರನ್ನು ನಾನು ನೋಡಿದ್ದೇನೆ.

ಆಲ್ದೂರು 18:
ಮೇಷ್ಟ್ರೇ, ಅವರು ಸಾಲ ಮಾಡಿ ತಗೊಳ್ಳುತ್ತಿಲ್ಲ. ಸಾಲ ತೀರಿಸಿದ ಮೇಲೆ ಕೇಳುತ್ತಿದ್ದಾರೆ. ನನ್ನ ತಂದೆ 40 ವರ್ಷ ದುಡಿದರು. ಒಂದು ದಿನವೂ ತಮಗೆ ಅಂತ ಏನೂ ತಗೊಳ್ಳಲಿಲ್ಲ. ಕೊನೆಯ ವರ್ಷ ನನ್ನ ಕಾರಿನಲ್ಲಿ ಸೀತಾಳಯ್ಯನಗಿರಿಯವರೆಗೆ ಕರೆದುಕೊಂಡು ಹೋಗಿದ್ದೆ. "ಇದನ್ನು ಮೊದಲೇ ತರಬಾರದಿತ್ತಾ" ಅಂದರು. ಖರ್ಚಿನ ಮಾತು ಬಂದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಹಾಸನ ಗ್ಯಾರೇಜ್:
ಹಾಗಾದರೆ ಸರಿಯಾಗಿ ನೋಡಿ ತಗೊಳ್ಳಲಿ. ತೋಟದ ಸಾರ್, ಭಾನುವಾರ ನಾನು ಬೆಂಗಳೂರಿಗೆ ಹೋಗುತ್ತಿದ್ದೇನೆ, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ತರುತ್ತೇನೆ. ಡೀಲರ್‌ಗೆ ಮೊದಲೇ ಹೇಳಿ, ನಾವು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬಾರದು ಅಂತ. ತಣ್ಣಗಿದ್ದಾಗಲೇ ಇದರ ನಿಜ ಗೊತ್ತಾಗುವುದು.

ಮೂಡಿಗೆರೆ ತೋಟ:
ನಿನ್ನೆ ಹೋಗಿ ನೋಡಿ ಬಂದೆವು. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ಬಾನೆಟ್ ಮುಟ್ಟಿದರೆ ಬೆಚ್ಚಗಿತ್ತು. ಬೇಡ ಅಂದಿದ್ದರೂ ಸ್ಟಾರ್ಟ್ ಮಾಡಿಟ್ಟಿದ್ದರು. ಸೀಟ್ ಬೆಲ್ಟ್ ಕೊನೆಯವರೆಗೂ ಕ್ಲೀನ್ ಇತ್ತು. ಸ್ಕ್ಯಾನರ್‌ನಲ್ಲಿ ಬೇರೆ ಬೇರೆ ಯೂನಿಟ್‌ಗಳ ಕಿಲೋಮೀಟರ್ ನೋಡಿದರು, ಮೀಟರ್‌ಗೆ ಸರಿಹೊಂದಿತು. ಅಲ್ಲಿಯವರೆಗೆ ನನಗೆ ಖುಷಿಯಾಗಿತ್ತು. ಆಮೇಲೆ ಟೈರ್ ಮೇಲಿನ ನಾಲ್ಕು ಅಂಕಿ ತೋರಿಸಿದರು: 1416. ಅಂದರೆ 2016ರ 14ನೇ ವಾರದ ಟೈರು. ಗೆರೆ ಚೆನ್ನಾಗಿದೆ, ರಬ್ಬರ್ ಕಲ್ಲಾಗಿದೆ. 306 ಎಚ್‌ಪಿ ಪೂರ್ತಿ ಹಿಂದಿನ ಚಕ್ರಕ್ಕೆ ಹೋಗುವ ಕಾರಿನಲ್ಲಿ, ನಮ್ಮ ಒದ್ದೆ ತಿರುವುಗಳಲ್ಲಿ, ಅದು ಬೇಡವೇ ಬೇಡ ಅಂದರು ಅಣ್ಣ. ಟಾಪ್ ಮೂರನೇ ಸಲ ಅರ್ಧಕ್ಕೆ ನಿಂತಿತು. ಡಿಕ್ಕಿಯ ಹಿಂಜ್ ಹತ್ತಿರ ವೈರ್‌ಗೆ ಟೇಪ್ ಸುತ್ತಿದ್ದರು. 2017ರಿಂದ 2021ರವರೆಗೆ ಸರ್ವಿಸ್ ಬಿಲ್ ಒಂದೂ ಇಲ್ಲ.

ಆದರೂ ಓಡಿಸಿ ನೋಡಿದೆ. ಒಂದು ಸಲ ಪೂರ್ತಿ ಒತ್ತಿದೆ. ಆ ಎಂಜಿನ್ ಎಳೆಯುವ ರೀತಿ ಇನ್ನೂ ಕೈಯಲ್ಲಿ ಉಳಿದಿದೆ.

ಹೊರಡುವಾಗ 25 ಲಕ್ಷಕ್ಕೆ ಇಳಿದರು. ನಾನು ಬೇಡ ಅಂದೆ.

ಆಲ್ದೂರು 18:
25ಕ್ಕೆ ಬಿಟ್ಟಿರಾ! ಟೈರು, ಪಂಪು, ವೈರಿಂಗ್ ಎಲ್ಲ ಮಾಡಿಸಿದರೂ ಐದಾರು ಲಕ್ಷದಲ್ಲಿ ಮುಗಿಯುತ್ತಿತ್ತು. ಕಿಲೋಮೀಟರ್ ಸರಿಯಿರುವ, ನೀರಿಗೆ ಬೀಳದ ಕಾರು ಸಿಗುವುದೇ ಕಷ್ಟ.

ಹಾಸನ ಗ್ಯಾರೇಜ್:
ನಾಲ್ಕು ವರ್ಷದ ಬಿಲ್ ಇಲ್ಲದ ಟರ್ಬೊ ಎಂಜಿನ್‌ಗೆ ಐದಾರು ಲಕ್ಷ ಅಂತ ನಾನು ಬರೆದುಕೊಡುವುದಿಲ್ಲ. ಆಯಿಲ್ ಯಾವಾಗ ಬದಲಿಸಿದ್ದಾರೆ ಅಂತಲೇ ಗೊತ್ತಿಲ್ಲದ ಗಾಡಿ ಅದು. ಬಿಟ್ಟಿದ್ದೇ ಸರಿ.

ಬೇಲೂರು ಮೇಷ್ಟ್ರು:
ಹೋಗಿ ನೋಡಿ ಬಂದದ್ದು ಒಳ್ಳೆಯದಾಯಿತು. ಕಾರು ಬೇಡ ಅನ್ನುವ ನನ್ನ ಮಾತು ಹಾಗೇ ಇದೆ. ತಗೊಳ್ಳುವುದೇ ಆದರೆ ಶೆಡ್ಡು ಮೊದಲು ಸರಿ ಮಾಡಿಸಿ. ಇಲಿ ವೈರ್ ಕಡಿಯದ ಹಾಗೆ, ಗಾಳಿ ಆಡುವ ಹಾಗೆ.

ಮೂಡಿಗೆರೆ ತೋಟ:
ಶೆಡ್ಡಿನ ಕೆಲಸ ಈ ವಾರವೇ ಶುರು ಮಾಡಿಸುತ್ತೇನೆ ಮೇಷ್ಟ್ರೇ. ನೆಲಕ್ಕೆ ಸಿಮೆಂಟ್, ಎರಡು ಕಡೆ ಜಾಲರಿ, ಬ್ಯಾಟರಿ ಚಾರ್ಜರ್‌ಗೆ ಒಂದು ಲೈನ್. ಏಲಕ್ಕಿ ಅಕ್ಕಾ, ಆರ್‌ಟಿಒ ಲೆಕ್ಕ ಹೇಳಿದ್ದಕ್ಕೆ ನಿಮಗೂ ಥ್ಯಾಂಕ್ಸ್.

ಈಗ ಹುಡುಕುತ್ತಿರುವುದು ಕೆಎ ನಂಬರ್, 2014 ಅಥವಾ ನಂತರದ್ದು, ಪೂರ್ತಿ ಬಿಲ್ ಇರುವಂಥದ್ದು. ಝಡ್4 ಆಗಲಿ ಬಾಕ್ಸ್‌ಸ್ಟರ್ ಆಗಲಿ. ಮುಂದಿನ ಹೂಮಳೆಯ ಒಳಗೆ ಸಿಕ್ಕಿದರೆ ಸಾಕು. ಯಾರಿಗಾದರೂ ಕಂಡರೆ ತಿಳಿಸಿ.