ಬೆರಳಿಗೆ ಸೂಜಿ ಚುಚ್ಚಿದರೆ ಲಕ್ವ ಹೋಗುತ್ತಾ? ಡಾಕ್ಟರನ್ನು ಕೇಳಿ

ಅಡ್ಮಿನ್: ಇವತ್ತು ಡಾಕ್ಟರ್ ಒಂದು ಗಂಟೆ ಇರುತ್ತಾರೆ. ವಾಟ್ಸಾಪಿನಲ್ಲಿ ಬಂದ ಮನೆಮದ್ದುಗಳ ಬಗ್ಗೆ ಕೇಳಿ.

ಮಂಡ್ಯದವರು: ಡೆಂಗಿಗೆ ಪಪ್ಪಾಯ ಎಲೆ ರಸ ಕೊಡಬಹುದಾ ಸಾರ್? ಪ್ಲೇಟ್‌ಲೆಟ್ ಏರುತ್ತಂತೆ.

ಡಾಕ್ಟರ್: ಅದನ್ನೇ ನಂಬಿ ಕೂರಬೇಡಿ. ನೀರು, ಗಂಜಿ, ಓಆರ್‌ಎಸ್ ಕೊಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ವಾಂತಿ, ಮಂಪರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಸಾಗರದವರು: ಮಂಡಿನೋವಿಗೆ ಎಕ್ಕದ ಎಲೆ ಕಟ್ಟಬಹುದಾ?

ತಿಪಟೂರಿನವರು: ಡಾಕ್ಟ್ರೇ, ಸೂಜಿ ಮದ್ದು ನಿಜ. ಬೆಳಿಗ್ಗೆ ನಮ್ಮತ್ತೆ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಮಾತು ಹೊರಡಲಿಲ್ಲ. ಹೊಲಿಗೆ ಸೂಜಿಯನ್ನು ದೀಪಕ್ಕೆ ಹಿಡಿದು ಹತ್ತೂ ಬೆರಳಿಗೆ ಚುಚ್ಚಿದೆವು. ಕಾಲು ಗಂಟೇಲಿ ಸರಿಯಾಗಿ ಮಾತಾಡಿದರು. ಈಗ ಸೊಪ್ಪು ಬಿಡಿಸ್ತಾ ಕೂತಿದ್ದಾರೆ. ಎಲ್ಲರಿಗೂ ಕಳಿಸಿ.

ಮೈಸೂರಿನವರು: ಪಪ್ಪಾಯ ಎಲೆ ರಸ ದಿನಕ್ಕೆ ಎಷ್ಟು ಚಮಚ ಸಾರ್?

ಡಾಕ್ಟರ್: ಮೇಲೆ ಬರೆದಿದ್ದೇನೆ.

ತಿಪಟೂರಿನ ತಾಯಿ, ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮತ್ತೆಗೆ ಆಗಿದ್ದು ಸಣ್ಣ ಸ್ಟ್ರೋಕ್ ಇರಬಹುದು. ಮಿದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಳ್ಳುತ್ತೆ. ಕೆಲವು ಸಲ ಅದು ತಾನಾಗಿಯೇ ಕರಗುತ್ತೆ, ಮಾತು ವಾಪಸ್ ಬರುತ್ತೆ. ನೀವು ಚುಚ್ಚದಿದ್ದರೂ ಬರುತ್ತಿತ್ತು. ನನಗೆ ಭಯ ಇರೋದು ಮುಂದಿನದ್ದರ ಬಗ್ಗೆ. ಇಂಥದ್ದಾದ ಮೇಲೆ ದೊಡ್ಡ ಸ್ಟ್ರೋಕ್ ಬರುವ ಅಪಾಯ ಮೊದಲ ಎರಡು ದಿನ ತುಂಬಾ ಜಾಸ್ತಿ. ಸೊಪ್ಪು ಪಕ್ಕಕ್ಕಿಟ್ಟು ಈಗಲೇ ಹೊರಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಎಷ್ಟು ಗಂಟೆಗೆ ಲೋಟ ಬಿತ್ತು ಅಂತ ಬರೆದುಕೊಳ್ಳಿ. ದಾರಿಯಲ್ಲಿ ಮತ್ತೆ ಹಾಗಾದರೆ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ತೊಂದರೆ ಶುರುವಾದಾಗಿನಿಂದ 4.5 ಗಂಟೆ ಮಾತ್ರ ಸಮಯ. ಬಿಪಿ, ಶುಗರ್ ಮಾತ್ರೆ ತಗೊಳ್ತಾರಾ? ಬಿಟ್ಟಿದ್ದಾರಾ?

ಧಾರವಾಡದವರು: ನಮ್ಮ ಕಡೆ ಪಾರಿವಾಳದ ರಕ್ತ ಹಚ್ಚುತ್ತಾರೆ ರೀ. ನಮ್ಮ ಕಾಕಾ ಒಂದು ತಿಂಗಳಲ್ಲಿ ಆರಾಮಾದರು.

ಹಾಸನದವರು: ಇಂಥವರಿಂದಲೇ ಜನ ಸಾಯೋದು.

ಧಾರವಾಡದವರು: ಮರ್ಯಾದೆಯಿಂದ ಮಾತಾಡಿ. ನಿಮಗೆ ನಾಟಿ ಮದ್ದು ಅಂದರೆ ತಾತ್ಸಾರ.

ಹಾಸನದವರು: ನಮ್ಮಪ್ಪನನ್ನು ಮೂರು ದಿನ ನಾಟಿ ಮದ್ದು ಅಂತ ಮನೇಲೇ ಇಟ್ಟುಕೊಂಡೆವು. ಇವತ್ತಿಗೂ ಬಲಗೈ ಏಳಲ್ಲ. ಊಟ ಮಾಡಿಸೋದು ನಾನು. ನಿಮ್ಮ ಮರ್ಯಾದೆ ನೀವೇ ಇಟ್ಕೊಳ್ಳಿ.

ಅಡ್ಮಿನ್: ಇಬ್ಬರೂ ಸುಮ್ನಿರಿ.

ಡಾಕ್ಟರ್: ಧಾರವಾಡದವರೇ, ಕಾಕಾಗೆ ಮುಖ ಮಾತ್ರ ವಾರೆಯಾಗಿ ಕೈಕಾಲು ಸರಿ ಇತ್ತಾ? ಹಾಗಿದ್ದರೆ ಅದು ಮುಖದ ನರದ ತೊಂದರೆ ಇರಬಹುದು. ಬಹಳ ಜನಕ್ಕೆ ತಾನಾಗೇ ವಾಸಿಯಾಗುತ್ತೆ. ಹೆಸರು ಬಂದಿದ್ದು ಪಾರಿವಾಳಕ್ಕೆ.

ಧಾರವಾಡದವರು: ಮುಖ ಅಷ್ಟೇ ರೀ.

ತುಮಕೂರಿನವರು: ಹೊರಡೋ ಮುಂಚೆ ಒಂದು ಆಸ್ಪಿರಿನ್ ಕೊಡಿ, ರಕ್ತ ತೆಳುವಾಗುತ್ತೆ.

ಡಾಕ್ಟರ್: ಕೊಡಬೇಡಿ! ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ಸ್ಕ್ಯಾನ್ ಮಾಡದೆ ನನಗೂ ಗೊತ್ತಾಗಲ್ಲ. ಒಡೆದಿದ್ದರೆ ಆ ಮಾತ್ರೆ ರಕ್ತಸ್ರಾವ ಜಾಸ್ತಿ ಮಾಡುತ್ತೆ. ಗೊತ್ತಿಲ್ಲದ್ದನ್ನು ಬರೆಯಬೇಡಿ.

ಮೈಸೂರಿನವರು: ನನ್ನ ಪ್ರಶ್ನೆಗೆ ಉತ್ತರವೇ ಇಲ್ಲ. ಬೇಕಾದವರಿಗೆ ಮಾತ್ರನಾ?

ಡಾಕ್ಟರ್: ತಿಪಟೂರಿನವರು ಎಲ್ಲಿ? ಯಾರಿಗಾದರೂ ನಂಬರ್ ಗೊತ್ತಿದ್ದರೆ ಫೋನ್ ಮಾಡಿ.

ತಿಪಟೂರಿನವರು: ಕಾರಲ್ಲಿದ್ದೀವಿ ಸಾರ್. ಲೋಟ ಬಿದ್ದಿದ್ದು 7.20ಕ್ಕೆ. ಬಿಪಿ ಮಾತ್ರೆ ಬಿಟ್ಟು ಎರಡು ತಿಂಗಳಾಯ್ತು, ಬೆಳ್ಳುಳ್ಳಿ ಸಾಕು ಅಂತ ಮೆಸೇಜ್ ಬಂದಿತ್ತು. ಕಳಿಸಿದ್ದು ನಾನೇ.

ಡಾಕ್ಟರ್: ಅಲ್ಲಿ ಇದನ್ನೂ ಹೇಳಿ. ದಾರಿಯಲ್ಲಿ ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಮಾತಾಡಿಸ್ತಾ ಇರಿ.