ಅಪ್‌ಡೇಟ್: ಕಿಟಕಿ ಕೆಳಗಿನ ಒದ್ದೆ ಗೋಡೆ, ಕೊನೆಗೂ ಕಾರಣ ಸಿಕ್ಕಿತು

ಕೊಪ್ಪಳದ ನಮ್ಮ ಮನೆಯ ಪಡಸಾಲೆ ಗೋಡೆ ಮಳೆ ಬಂದಾಗಲೆಲ್ಲ ಒದ್ದೆ ಆಗುತ್ತೆ, ಬಣ್ಣ ಉದುರುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಇದು ನೆಲದಿಂದ ಏರುವ ತೇವ ಅಲ್ಲ. ಅದಾಗಿದ್ದರೆ ಬುಡದಿಂದಲೇ ಶುರುವಾಗಬೇಕಿತ್ತು, ಅಲ್ವಾ? ನಮ್ಮ ಗೋಡೆಯ ಬುಡ ಪೂರ್ತಿ ಒಣಗಿತ್ತು. ನೀವು ಹೇಳಿದಂತೆ ಹೊರಗೋಡೆಗೆ ಪೈಪಿನಿಂದ ನೀರು ಬಿಟ್ಟು ನೋಡಿದೆ. ಕೆಳಗಿನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ. ಕಿಟಕಿ ಹತ್ತಿರ ಬಂದು 20 ನಿಮಿಷ ಆಗಿತ್ತು, ಒಳಗೆ ಅಂಗೈ ಅಗಲದ ಕಲೆ ಮೂಡಿತು! ಚೌಕಟ್ಟಿಗೂ ಗಿಲಾವಿಗೂ ನಡುವೆ ಕೂದಲೆಳೆಯಷ್ಟು ಬಿರುಕು. ಕಿಟಕಿ ಕೆಳಗಿನ ಕಲ್ಲು ಒಳಕ್ಕೆ ವಾಲಿತ್ತು. ಕಲ್ಲಿನ ಅಡಿಭಾಗದಲ್ಲಿ ಉದ್ದಕ್ಕೂ ಒಂದು ಗೆರೆ ಕೊರೆದಿರಬೇಕಂತೆ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತೆ. ನಮ್ಮದರಲ್ಲಿ ಅದಿಲ್ಲ, ನೀರು ಅಡಿಯಲ್ಲೇ ಹರಿದು ಗೋಡೆ ಸೇರುತ್ತಿತ್ತು.

ಹೋದ ವರ್ಷ ಒಳಗಡೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿ ಸುಮ್ನೆ ದುಡ್ಡು ಕಳೆದೆ. ನೀರು ಬರೋದು ಹೊರಗಿನಿಂದ. ಆ ಪೇಂಟ್ ಗುಳ್ಳೆ ಎದ್ದು ಬಂತು.

ಗೌಂಡಿ ಕಲ್ಲು ಕಿತ್ತು, ಹೊರಕ್ಕೆ ವಾಟ ಕೊಟ್ಟು ಕೂರಿಸಿದರು. ಗೆರೆ ಕೊರೆದು, ಬಿರುಕಿಗೆ ಸೀಲಂಟ್ ತುಂಬಿದರು. ಒಳಗೆ ಬಿಳಿ ಉಪ್ಪು ಪುಡಿಪುಡಿಯಾಗಿ ಬರುತ್ತಿದೆ. ಅದನ್ನು ನೀರು ಹಾಕಿ ತೊಳೆಯಬೇಡಿ, ಕರಗಿ ಮತ್ತೆ ಗೋಡೆಗೇ ಇಳಿಯುತ್ತೆ. ಒಣ ಬ್ರಷ್‌ನಿಂದ ಉಜ್ಜುತ್ತಿದ್ದೇನೆ. ಆಮೇಲೆ ಎರಡು ಜೋರು ಮಳೆ ಬಂತು, ಹೊಸ ಕಲೆ ಇಲ್ಲ. ಬಣ್ಣಕ್ಕೆ ಮಾತ್ರ ಅವಸರ ಮಾಡಲ್ಲ, ಬೇಸಿಗೆ ಬಿಸಿಲಿಗೆ ಗೋಡೆ ಪೂರ್ತಿ ಒಣಗಲಿ.